ಗಾಡಿ ಓಡಿಸುವಾಗ ಫೋನ್ ರಿಂಗಾದರೆ ಏನು ಮಾಡಬೇಕು?

ಡ್ರೈವಿಂಗ್ ಕಲಿಯಲು ಬರುವವರಿಗೆ ಕ್ಲಚ್, ಗೇರ್, ರಿವರ್ಸ್ ಎಲ್ಲಾ ಒಂದು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಹತ್ತದೇ ಉಳಿಯುವುದು ಒಂದೇ. ಫೋನ್ ರಿಂಗಾದಾಗ ಸುಮ್ಮನಿರುವುದು.

ಹೋದ ವರ್ಷ ಒಬ್ಬ ಹುಡುಗ ಕಲಿಯಲು ಬಂದಿದ್ದ. ಒಳ್ಳೆಯ ಕೈ, ಅವಸರ ಇಲ್ಲ. ಹಾಸನದ ಹೊರಗೆ ಖಾಲಿ ರಸ್ತೆ, ಗಾಡಿ 50ರಲ್ಲಿತ್ತು. ಪ್ಯಾಂಟ್ ಜೇಬಿನಲ್ಲಿದ್ದ ಫೋನ್ ರಿಂಗಾಯಿತು. ಅವನು ಮಾತಾಡಲಿಲ್ಲ. ಕಟ್ ಮಾಡಲು ಹೊರಗೆ ತೆಗೆದ, ಅಷ್ಟೇ. ಆ ಎರಡು ಮೂರು ಸೆಕೆಂಡಿನಲ್ಲಿ ಕಾರು ಎಡಕ್ಕೆ ಸರಿಯಿತು. ಮುಂದೆ ಹಾಲಿನ ಕ್ಯಾನ್ ಕಟ್ಟಿಕೊಂಡು ಸೈಕಲ್ ತುಳಿಯುತ್ತಿದ್ದ ಹಿರಿಯರೊಬ್ಬರಿದ್ದರು. ಅವರಿಗೆ ಒಂದು ಮಾರು ದೂರದಲ್ಲಿ ಕಾರು ನಿಂತಿತು. ಕಲಿಸುವ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ, ಅದಕ್ಕೇ ನಿಂತಿತು. ನಿಮ್ಮ ಕಾರಿನಲ್ಲಿ ಆ ಬ್ರೇಕ್ ಇಲ್ಲ.

ಹಾಗಾಗಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಸುಲಭದ ಹಂತಗಳನ್ನು ಬೇಗ ಮುಗಿಸುತ್ತೇನೆ.

ಹಂತ 1: ಹೊರಡುವ ಮುಂಚೆ ತಿಳಿಸಿ

‘ಹೊರಟೆ, ಇಷ್ಟು ಹೊತ್ತಿಗೆ ತಲುಪುತ್ತೇನೆ’ ಎಂದು ಒಂದು ಮೆಸೇಜ್ ಹಾಕಿ. ‘ಎಲ್ಲಿದ್ದೀಯಾ’ ಎಂದು ಬರುವ ಅರ್ಧಕ್ಕರ್ಧ ಕರೆಗಳು ಅಲ್ಲಿಗೇ ನಿಲ್ಲುತ್ತವೆ.

ಹಂತ 2: ಫೋನಿಗೆ ಒಂದು ಜಾಗ

ತೊಡೆ ಮೇಲೆ ಬೇಡ, ಗೇರ್ ಪಕ್ಕ ಬೇಡ. ಹಂಪ್ ಹಾರಿದಾಗ ಫೋನ್ ಕಾಲ ಬುಡಕ್ಕೆ ಬೀಳುತ್ತದೆ, ಬ್ರೇಕ್ ಪೆಡಲ್ ಕೆಳಗೂ ಸೇರಿಕೊಳ್ಳಬಹುದು. ಮ್ಯಾಪ್ ಬೇಡದ ದಿನ ಫೋನ್ ಹಿಂದಿನ ಸೀಟಿನ ಬ್ಯಾಗಿನಲ್ಲಿರಲಿ. ಕೈಗೆ ಎಟುಕಬಾರದು. ಇದರಲ್ಲಿ ನಾನು ಯಾರ ಜೊತೆಗೂ ರಾಜಿ ಆಗುವುದಿಲ್ಲ.

ಮ್ಯಾಪ್ ಬೇಕೇ ಬೇಕು ಎಂದರೆ ಗಟ್ಟಿ ಹೋಲ್ಡರ್ ಕೊಳ್ಳಿ. ಫುಟ್‌ಪಾತ್‌ನಲ್ಲಿ ಸಿಗುವ ಅಗ್ಗದ ರಬ್ಬರ್ ಬಟ್ಟಲಿನ ಹೋಲ್ಡರ್ ಬೇಸಿಗೆಯ ಬಿಸಿಲಿಗೆ ಅಂಟು ಬಿಡುತ್ತದೆ. ಬೀಳುವ ಫೋನನ್ನು ಹಿಡಿಯಲು ಕೈ ತಾನಾಗಿಯೇ ಸ್ಟೀರಿಂಗ್ ಬಿಡುತ್ತದೆ, ಅದು ಇನ್ನೂ ಅಪಾಯ. ಹೋಲ್ಡರ್ ಗಾಜಿನ ನಡುವೆ ರಸ್ತೆ ಮರೆಮಾಡಬಾರದು, ಏರ್‌ಬ್ಯಾಗ್ ಮುಚ್ಚಳದ ಮೇಲೂ ಬರಬಾರದು.

ಬೈಕಿನ ಹ್ಯಾಂಡಲ್‌ಗೆ ಫೋನ್ ಕಟ್ಟುವವರು ಇದನ್ನೂ ತಿಳಿದಿರಿ. ಜಾಸ್ತಿ ಸಿಸಿ ಬೈಕುಗಳ ನಡುಕಕ್ಕೆ ಐಫೋನ್ ಕ್ಯಾಮೆರಾ ಹಾಳಾಗಬಹುದು ಎಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿದೆ.

ಹಂತ 3: ದಾರಿ ಹಾಕಿ, ಫೋನನ್ನು ಸುಮ್ಮನಾಗಿಸಿ

ಇಗ್ನಿಷನ್ ಆನ್ ಮಾಡುವ ಮೊದಲೇ ಮ್ಯಾಪ್‌ನಲ್ಲಿ ಊರು ಹಾಕಿ, ಧ್ವನಿ ಜೋರು ಮಾಡಿ. ಧ್ವನಿಯನ್ನು ಕನ್ನಡಕ್ಕೂ ಬದಲಿಸಿಕೊಳ್ಳಬಹುದು. ‘ಬಲಕ್ಕೆ ತಿರುಗಿ’ ಎಂದು ಕಿವಿಗೆ ಬಿದ್ದರೆ ಕಣ್ಣು ರಸ್ತೆ ಬಿಡುವ ಕೆಲಸವಿಲ್ಲ. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವವರು ಆ ಭಾಗದ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಅಲ್ಲಿ ಅನೇಕ ಕಡೆ ನೆಟ್‌ವರ್ಕ್ ಹೋಗುತ್ತದೆ. ಹೋದಾಗ ಎಲ್ಲರೂ ಮಾಡುವುದು ಒಂದೇ, ತಿರುವಿನ ನಡುವೆ ಫೋನ್ ಕೈಗೆತ್ತಿಕೊಂಡು ತಿಕ್ಕುವುದು.

ಆಮೇಲೆ ಡ್ರೈವಿಂಗ್ ಮೋಡ್. ಐಫೋನ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಫೋಕಸ್, ಅದರೊಳಗೆ ಡ್ರೈವಿಂಗ್. ಆಂಡ್ರಾಯ್ಡ್‌ನಲ್ಲಿ ‘ಡು ನಾಟ್ ಡಿಸ್ಟರ್ಬ್’. ‘ತುರ್ತು ಕರೆ ತಪ್ಪಿಹೋದರೆ?’ ಎಂದು ಕೇಳುತ್ತಾರೆ. ಅದಕ್ಕೂ ದಾರಿಯಿದೆ. ಪದೇ ಪದೇ ಕರೆ ಮಾಡುವವರ ಕರೆಯನ್ನು ಒಳಗೆ ಬಿಡುವ ಆಯ್ಕೆ ಅದರಲ್ಲೇ ಇದೆ. ಒಬ್ಬರೇ ಮತ್ತೆ ಕರೆ ಮಾಡಿದರೆ, ಐಫೋನ್‌ನಲ್ಲಿ 3 ನಿಮಿಷದೊಳಗೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಎರಡನೇ ಕರೆ ರಿಂಗ್ ಆಗುತ್ತದೆ. ಮನೆಯವರಿಗೆ ಇದನ್ನು ಹೇಳಿಟ್ಟಿರಿ: ‘ನಿಜಕ್ಕೂ ಅರ್ಜೆಂಟ್ ಇದ್ರೆ ಎರಡು ಸಲ ಮಾಡಿ.’

ಹಂತ 4: ಓಡುತ್ತಿರುವಾಗ ರಿಂಗಾಯಿತು

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲ ಕೆಲಸ: ಏನೂ ಮಾಡಬೇಡಿ. ನಮ್ಮ ದೇಶದಲ್ಲಿ ಮೊಬೈಲ್ ಕರೆ ಉತ್ತರ ಸಿಗದಿದ್ದರೆ 30 ಸೆಕೆಂಡ್ ರಿಂಗಾಗಬೇಕು ಎಂದು ಫೋನ್ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆ ಟ್ರಾಯ್ 2019ರಲ್ಲಿ ನಿಗದಿ ಮಾಡಿದೆ. ಅಷ್ಟು ಹೊತ್ತು ತಾಳಿದರೆ ಅದೇ ನಿಲ್ಲುತ್ತದೆ. ಆದರೆ 60ರ ವೇಗದಲ್ಲಿ ಆ 30 ಸೆಕೆಂಡಿಗೆ ನಿಮ್ಮ ಗಾಡಿ ಅರ್ಧ ಕಿಲೋಮೀಟರ್ ಹೋಗಿರುತ್ತದೆ. ಅಷ್ಟು ದೂರವೂ ಕಣ್ಣು ರಸ್ತೆ ಮೇಲೇ ಇರಬೇಕು.

ಯಾರದು ಎಂದು ನೋಡಬೇಡಿ. ಕಟ್ ಮಾಡಲೂ ಕೈ ಹಾಕಬೇಡಿ. ‘ನಾನು ಎತ್ತಲ್ಲ ಸಾರ್, ಕಟ್ ಮಾಡ್ತೀನಿ ಅಷ್ಟೇ’ ಎನ್ನುವವರೇ ಜಾಸ್ತಿ. ಕಟ್ ಮಾಡಲು ಫೋನ್ ಹುಡುಕಬೇಕು, ನೋಡಬೇಕು, ಕೆಂಪು ಗುಂಡಿಗೆ ಬೆರಳು ತಾಗಿಸಬೇಕು. ಐದು ಸೆಕೆಂಡ್ ಬೇಕೇ ಬೇಕು. 60ರಲ್ಲಿ ಐದು ಸೆಕೆಂಡ್ ಎಂದರೆ 83 ಮೀಟರ್. ನಾಲ್ಕು ಕ್ರಿಕೆಟ್ ಪಿಚ್ ಉದ್ದ ಕಣ್ಣು ಮುಚ್ಚಿಕೊಂಡು ಓಡಿಸಿದ ಹಾಗೆ. ಸ್ಮಾರ್ಟ್ ವಾಚ್ ನೋಡಿದರೂ ಲೆಕ್ಕ ಅದೇ.

ಕರೆ ನಿಂತಿತು, ಆದರೂ ಮನಸ್ಸು ತಡೆಯುತ್ತಿಲ್ಲ. ಸರಿ, ಗಾಡಿ ನಿಲ್ಲಿಸಿ ಮಾತಾಡಿ. ಆದರೆ ಎಲ್ಲಿ?

ಫ್ಲೈಓವರ್ ಮೇಲೆ ಅಲ್ಲ. ಸೇತುವೆ ಮೇಲೆ, ತಿರುವಿನಲ್ಲಿ, ಘಾಟಿಯ ಹೇರ್‌ಪಿನ್‌ನಲ್ಲಿ ಅಲ್ಲ. ಬಸ್ ನಿಲ್ಲುವ ಜಾಗದಲ್ಲೂ ಅಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ಅಂಚಿನ ಬಿಳಿ ಗೆರೆ ದಾಟಿ ನಿಲ್ಲಿಸಿದರೆ ಸಾಕು ಎಂದುಕೊಳ್ಳುತ್ತಾರೆ, ಸಾಲದು. ಹಿಂದೆ ನೂರರಲ್ಲಿ ಬರುವವನಿಗೆ ನೀವು ನಿಂತಿದ್ದೀರೋ ಹೋಗುತ್ತಿದ್ದೀರೋ ಹತ್ತಿರ ಬರುವ ತನಕ ಗೊತ್ತಾಗುವುದಿಲ್ಲ. ಅವನ ಕೈಯಲ್ಲೂ ಫೋನ್ ಇದ್ದರೆ? ಬಿಡದಿ, ರಾಮನಗರ, ಮಂಡ್ಯ ಎಂದು ಇಳಿಯುವ ದಾರಿಗಳಿವೆ. ಇಳಿದು ಸರ್ವಿಸ್ ರಸ್ತೆಗೆ ಬನ್ನಿ. ಪೆಟ್ರೋಲ್ ಬಂಕ್, ಹೋಟೆಲ್ ಅಂಗಳ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹತ್ತು ನಿಮಿಷ ತಡವಾಗಲಿ ಬಿಡಿ.

ನಿಲ್ಲಿಸುವ ಕ್ರಮ ಹೀಗೆ. ಮೊದಲು ಒಳಗಿನ ಕನ್ನಡಿ, ಆಮೇಲೆ ಎಡಗನ್ನಡಿ. ಎಡ ಇಂಡಿಕೇಟರ್. ವೇಗ ನಿಧಾನವಾಗಿ ಇಳಿಸಿ, ಒಮ್ಮೆಲೇ ಬ್ರೇಕ್ ಒತ್ತಬೇಡಿ. ಟಾರು ಬಿಟ್ಟು ಪೂರ್ತಿ ಕೆಳಗೆ ಬನ್ನಿ. ಎರಡು ಚಕ್ರ ಮೇಲೆ, ಎರಡು ಚಕ್ರ ಮಣ್ಣಲ್ಲಿ ನಿಲ್ಲಿಸುವುದು ಬೇಡ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎಂಜಿನ್ ಆಫ್. ಹಜಾರ್ಡ್ ಲೈಟ್ ಹಾಕಿ. ಈಗ ಫೋನ್ ಎತ್ತಿಕೊಳ್ಳಿ. ಹಜಾರ್ಡ್ ಹಾಕಿಕೊಂಡು 20ರಲ್ಲಿ ಎಡಕ್ಕೆ ಉರುಳುತ್ತಾ ಮಾತಾಡುವವರನ್ನು ದಿನಾ ನೋಡುತ್ತೇನೆ. ಅದು ನಿಲ್ಲಿಸಿದ ಹಾಗೆ ಅಲ್ಲ.

ಹೊರಡುವಾಗ ಇನ್ನೊಂದು ತಪ್ಪು ಆಗುತ್ತದೆ. ಫೋನ್ ಇಟ್ಟ ಕೈಯಲ್ಲೇ ಗೇರ್ ಹಾಕಿ ಸೀದಾ ರಸ್ತೆಗೆ ನುಗ್ಗುತ್ತಾರೆ. ತಲೆ ಇನ್ನೂ ಮಾತಿನಲ್ಲೇ ಇರುತ್ತದೆ. ಬಲ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಕತ್ತು ತಿರುಗಿಸಿ ಒಮ್ಮೆ ಹಿಂದೆ ನೋಡಿ. ಕೆಟ್ಟ ಸುದ್ದಿ ಬಂದಿದ್ದರೆ ಹೊರಡಲೇಬೇಡಿ. ಇಳಿದು ನೀರು ಕುಡಿಯಿರಿ, ಹತ್ತು ನಿಮಿಷ ಕೂತುಕೊಳ್ಳಿ. ಜೊತೆಯಲ್ಲಿ ಓಡಿಸಲು ಬರುವವರಿದ್ದರೆ ಸೀಟು ಬದಲಿಸಿ.

‘ಬ್ಲೂಟೂತ್ ಇದೆಯಲ್ಲಾ, ಇಷ್ಟೆಲ್ಲಾ ಯಾಕೆ?’ ಎನ್ನುವವರಿಗೆ ಒಂದು ಮಾತು. ಓಡಿಸುವಾಗ ಫೋನ್ ಬಳಸಿದರೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹ್ಯಾಂಡ್ಸ್ ಫ್ರೀ ಆದರೆ ಅಪಾಯ ಅಂಥಾ ಕಡಿಮೆ ಆಗುವುದಿಲ್ಲ ಎಂದೂ ಹೇಳುತ್ತದೆ. ಕೈ ಸ್ಟೀರಿಂಗ್ ಮೇಲಿದ್ದರೂ ಗಮನ ಬೇರೆ ಕಡೆ ಇರುತ್ತದೆ. ಪಕ್ಕದ ಸೀಟಿನವರು ಲಾರಿ ಅಡ್ಡ ಬಂದರೆ ತಾವೇ ಮಾತು ನಿಲ್ಲಿಸುತ್ತಾರೆ. ಫೋನಿನ ಆ ತುದಿಯಲ್ಲಿರುವವರಿಗೆ ಲಾರಿ ಕಾಣುವುದಿಲ್ಲ, ಅಲ್ವಾ?

ಬೈಕು, ಸ್ಕೂಟರ್‌ನವರೇ, ಹೆಲ್ಮೆಟ್ ಮತ್ತು ಕೆನ್ನೆ ನಡುವೆ ಫೋನ್ ತುರುಕುವುದನ್ನು ಇವತ್ತೇ ಬಿಡಿ. ಹಾಗೆ ತುರುಕಿದರೆ ಹೆಲ್ಮೆಟ್ ಸಡಿಲವಾಗುತ್ತದೆ, ಒಂದು ಕಿವಿಗೆ ಹಾರ್ನ್ ಕೇಳುವುದಿಲ್ಲ. ಫೋನ್ ಜಾರಿದರೆ ಹಿಡಿಯಲು ಹೋಗುವುದು ಕ್ಲಚ್ ಅಥವಾ ಬ್ರೇಕ್ ಮೇಲಿದ್ದ ಕೈಯೇ. ಎರಡೂ ಕಿವಿಗೆ ಇಯರ್‌ಫೋನ್ ಹಾಕುವುದೂ ಬೇಡ.

ಹಂತ 5: ಸಿಕ್ಕಿಬಿದ್ದರೆ

ಕಾನೂನು ಏನು ಹೇಳುತ್ತದೆ ಎಂಬುದು ಸರಿಯಾಗಿ ಗೊತ್ತಿರಲಿ. ದಂಡ ಕಟ್ಟಿದರೆ ಮುಗಿಯಿತು ಎಂದೇ ಬಹಳ ಜನ ತಿಳಿದಿದ್ದಾರೆ.

ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಅಪಾಯಕಾರಿ ಚಾಲನೆಯದು. 2019ರ ತಿದ್ದುಪಡಿಯಲ್ಲಿ ಕೈಯಲ್ಲಿ ಫೋನ್ ಹಿಡಿದು ಓಡಿಸುವುದನ್ನೂ ಅದಕ್ಕೆ ಸೇರಿಸಿದರು. ಕೋರ್ಟಿಗೆ ಹೋದರೆ ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳಿಂದ 1 ವರ್ಷದ ಜೈಲು, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 10,000 ರೂಪಾಯಿ ದಂಡ, ಇಲ್ಲವೇ 2 ವರ್ಷದವರೆಗೆ ಜೈಲು, ಅಥವಾ ಎರಡೂ. 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮ ಒಂದೇ ಒಂದು ವಿನಾಯಿತಿ ಕೊಟ್ಟಿದೆ. ದಾರಿ ನೋಡಲು ಫೋನ್ ಬಳಸಬಹುದು, ಅದೂ ಗಮನ ಕೆಡದ ಹಾಗೆ. ಬಿಸ್ಕತ್ತು ಹಿಡಿದ ಹಾಗೆ ಫೋನನ್ನು ಬಾಯಿ ಮುಂದೆ ಹಿಡಿದು ಸ್ಪೀಕರ್‌ನಲ್ಲಿ ಮಾತಾಡುತ್ತಾರಲ್ಲ, ಅದು ಈ ವಿನಾಯಿತಿಯಲ್ಲಿ ಬರುವುದಿಲ್ಲ.

ಇನ್ನೊಂದು ಪೆಟ್ಟು ಡಿಎಲ್‌ಗೆ. 184ರ ತಪ್ಪಿಗೆ ಪೊಲೀಸರು ಡಿಎಲ್ ವಶಕ್ಕೆ ಪಡೆದು ಆರ್‌ಟಿಒಗೆ ಕಳಿಸಬಹುದು. ಹಾಗೆ ತೆಗೆದುಕೊಂಡರೆ ರಸೀದಿ ಕೇಳಿ ಪಡೆಯಿರಿ. ಮೊಬೈಲ್ ಹಿಡಿದು ಓಡಿಸಿದವರ ಡಿಎಲ್ ಕನಿಷ್ಠ 3 ತಿಂಗಳು ಅಮಾನತು ಮಾಡಿ ಎಂದು ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿದೆ. ಅಮಾನತಿನಲ್ಲಿದ್ದಾಗ ಓಡಿಸಿದರೆ 10,000 ರೂಪಾಯಿ ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ಕ್ಯಾಬ್, ಆಟೊ, ಲಾರಿ ಓಡಿಸಿ ಮನೆ ನಡೆಸುವವರು ಇದನ್ನು ಎರಡು ಸಲ ಓದಿ. ಮೂರು ತಿಂಗಳು ಗಾಡಿ ಮುಟ್ಟದಿದ್ದರೆ ಕಂತು ಕಟ್ಟುವವರು ಯಾರು?

ಪೊಲೀಸರು ಕಾಣಲಿಲ್ಲ ಎಂದು ಧೈರ್ಯ ಮಾಡಬೇಡಿ. ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರ್‌ನಿಂದ ಕ್ಯಾಮೆರಾ ವ್ಯವಸ್ಥೆ ಇದೆ. ಕೈಯಲ್ಲಿ ಫೋನ್ ಇದ್ದರೆ ಅದು ಗುರುತಿಸುತ್ತದೆ. ಮೈಸೂರು ಹೆದ್ದಾರಿಯಲ್ಲೂ ಕ್ಯಾಮೆರಾಗಳು ಬಂದಿವೆ. ಚಲನ್ ಬಂದರೆ ಅದರಲ್ಲಿರುವ ಫೋಟೊ ತೆರೆದು ನೋಡಿ. ಗಾಡಿ ನಿಮ್ಮದಲ್ಲದಿದ್ದರೆ ದೂರು ಕೊಡಿ, ನಿಮ್ಮದೇ ಆದರೆ ಕಟ್ಟಿ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿದ್ದರು. ಮತ್ತೆ ಕೊಟ್ಟಾರು ಎಂದು ಕಾಯುವವರಿದ್ದಾರೆ. ರಿಯಾಯಿತಿ ದುಡ್ಡಿಗೆ ಮಾತ್ರ, ಡಿಎಲ್ ಅಮಾನತಿಗೆ ಅಲ್ಲ.

ವಾಟ್ಸ್‌ಆ್ಯಪ್‌ನಲ್ಲಿ ‘ನಿಮ್ಮ ಚಲನ್’ ಎಂದು ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಲೇಬೇಡಿ. ಅದು ಬ್ಯಾಂಕ್ ಖಾತೆ ಖಾಲಿ ಮಾಡುವವರ ಕೆಲಸ. ದಂಡವನ್ನು ಪರಿವಾಹನ್ ವೆಬ್‌ಸೈಟ್, ಕರ್ನಾಟಕ ಒನ್ ಅಥವಾ ಪೊಲೀಸ್ ಠಾಣೆಯಲ್ಲಿ ಕಟ್ಟಿ.

ಹಂತ 6: ಯಾರಿಗಾದರೂ ತಾಗಿಯೇಬಿಟ್ಟರೆ

ನಿಲ್ಲಿ. ಓಡಬೇಡಿ. 112ಕ್ಕೆ ಅಥವಾ 108ಕ್ಕೆ ಕರೆ ಮಾಡಿ, ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ತಿಳಿಸಿ. ಇದು ಚಾಲಕನ ಕರ್ತವ್ಯ ಎಂದು ಕಾಯ್ದೆಯ 134ನೇ ಸೆಕ್ಷನ್ನೇ ಹೇಳುತ್ತದೆ. ಜನ ಸೇರಿ ಹೊಡೆಯುತ್ತಾರೆ ಎಂಬ ಭಯ ಇದ್ದರೆ ಸೀದಾ ಹತ್ತಿರದ ಠಾಣೆಗೆ ಹೋಗಿ, ಅಲ್ಲಿಂದಲೇ ಆಂಬುಲೆನ್ಸ್ ಕಳಿಸಿ.

ಸಾವಾದರೆ ಈಗ, ಹಳೆಯ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಪ್ರಕಾರ 5 ವರ್ಷದವರೆಗೆ ಜೈಲು. 2024ರ ಜುಲೈಗೆ ಮುಂಚೆ ಇದು 2 ವರ್ಷ ಇತ್ತು. ‘ನಾನು ಫೋನಿನಲ್ಲಿ ಇರಲಿಲ್ಲ’ ಎಂದರೆ ಸಾಲದು. ಕರೆಯ ದಾಖಲೆ ಫೋನ್ ಕಂಪನಿಯಲ್ಲಿ ಇರುತ್ತದೆ, ತನಿಖೆಯಲ್ಲಿ ಪೊಲೀಸರು ಅದನ್ನು ತರಿಸಿ ಸಮಯ ಹೋಲಿಸಬಹುದು. ಪೆಟ್ಟಾಗಿದ್ದು ನಿಮಗೇ ಆಗಿದ್ದು, ಫೋನಿನಲ್ಲಿದ್ದದ್ದೂ ನೀವೇ ಆಗಿದ್ದರೆ, ಅಪಘಾತದ ಪರಿಹಾರ ತೀರ್ಮಾನಿಸುವ ಟ್ರಿಬ್ಯೂನಲ್ ನಿಮ್ಮ ತಪ್ಪಿನ ಪಾಲನ್ನು ಪರಿಹಾರದಲ್ಲಿ ಕಳೆಯಬಹುದು.

ಹಂತ 7: ಮನೆಯಲ್ಲಿ ಕೂತವರಿಗೆ

ಈ ಹಂತವನ್ನು ಯಾರೂ ಕಲಿಸುವುದಿಲ್ಲ. ನೀವು ಕರೆ ಮಾಡಿದಾಗ ಆ ಕಡೆ ಹಾರ್ನ್ ಕೇಳಿದರೆ ‘ಗಾಡಿ ಓಡಿಸ್ತಿದ್ದೀಯಾ? ಇಡ್ತೀನಿ’ ಎಂದು ನೀವೇ ಇಟ್ಟುಬಿಡಿ. ‘ಒಂದೇ ನಿಮಿಷ’ ಎನ್ನಬೇಡಿ. ಓಡಿಸುವವರಿಗೆ ಅಪ್ಪನ, ಹೆಂಡತಿಯ, ಮೇಲಧಿಕಾರಿಯ ಕರೆ ಕಟ್ ಮಾಡುವುದು ಕಷ್ಟ. ನಿಮಗೆ ಅದು ಸುಲಭ.

ನಮ್ಮ ಮನೆಯಲ್ಲಿ ಯಾರು ಗಾಡಿ ತೆಗೆದರೂ ಎರಡೇ ಮೆಸೇಜ್: ‘ಹೊರಟೆ’, ‘ತಲುಪಿದೆ’. ನಡುವೆ ಯಾರೂ ಕರೆ ಮಾಡುವುದಿಲ್ಲ. ಮೊದಮೊದಲು ನನ್ನ ಅಮ್ಮನಿಗೆ ತಳಮಳ ಆಗುತ್ತಿತ್ತು. ಈಗ ಎರಡನೇ ಮೆಸೇಜ್ ಬರುವ ತನಕ ಅಂಗಳದಲ್ಲಿ ಹೂವು ಕಟ್ಟುತ್ತಾ ಕೂತಿರುತ್ತಾರೆ, ಫೋನ್ ಮುಟ್ಟುವುದಿಲ್ಲ.