ಇಂಗ್ಲೆಂಡಿನಲ್ಲಿ ವಾಲ್ವ್ ಆಪರೇಷನ್: ಬಳ್ಳಾರಿ ಅಪ್ಪ-ಅಮ್ಮನ ಮಕ್ಕಳಿಗೆ

ರಜೆಗೆ ಬಳ್ಳಾರಿಗೆ ಹೋದಾಗಲೆಲ್ಲ ಒಗ್ಗರಣೆ-ಮಿರ್ಚಿ ಮುಂದಿಟ್ಟು ಯಾರಾದರೂ ಕೇಳಿಯೇ ಕೇಳುತ್ತಾರೆ: "ನಮ್ಮ ಹುಡುಗ ಇಂಗ್ಲೆಂಡಿನಾಗ ಅದಾನ. ಅಲ್ಲಿ ಆಸ್ಪತ್ರಿ ಪುಕ್ಕಟೆ ಅಂತಲ್ಲ, ಹೋದಾಗ ನನ್ನ ಹೃದಯದ ವಾಲ್ವ್ ಮಾಡಿಸಿಕೊಂಡು ಬರ್ಲೇನು?" ಆ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎನ್‌ಎಚ್‌ಎಸ್ ಎಂಬ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಪುಕ್ಕಟೆ ಇರುವುದು ಇಲ್ಲಿ ನೆಲೆಸಿದವರಿಗೆ, ಮತ್ತೆ ವೀಸಾ ಜೊತೆ ಹೆಲ್ತ್ ಸರ್‌ಚಾರ್ಜ್ ಕಟ್ಟಿದವರಿಗೆ. ದೊಡ್ಡವರಿಗೆ ಅದು ವರ್ಷಕ್ಕೆ 1,035 ಪೌಂಡ್. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮ ಇದನ್ನು ಕಟ್ಟಿರುವುದಿಲ್ಲ. ಜಿಪಿ, ಅಂದರೆ ಏರಿಯಾದ ಫ್ಯಾಮಿಲಿ ಡಾಕ್ಟರ್ ನೋಡಿದರೆ, ಎಮರ್ಜೆನ್ಸಿಯಲ್ಲಿ ನೋಡಿದರೆ ಬಿಲ್ ಇಲ್ಲ. ವಾರ್ಡಿಗೆ ಸೇರಿಸಿಕೊಂಡರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ತುರ್ತಲ್ಲದ ಆಪರೇಷನ್ನಿಗೆ ದುಡ್ಡು ಮೊದಲೇ ಎಣಿಸಬೇಕು. ಹಳೇ ಕಾಯಿಲೆಯನ್ನು ಟ್ರಾವೆಲ್ ಇನ್ಶೂರೆನ್ಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹಾಗಾಗಿ ಮೆಟ್ಟಿಲು ಹತ್ತಿದರೆ ದಮ್ಮು ಹತ್ತುವ ಅಪ್ಪನನ್ನು ಟಿಕೆಟ್ ಮಾಡುವ ಮೊದಲೇ ಬಳ್ಳಾರಿಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಬೇಕಾದರೆ ಬೆಂಗಳೂರು, ಹೈದರಾಬಾದಿನಲ್ಲೇ ವಾಲ್ವ್ ಹಾಕಿಸಬಹುದು.

ಇಲ್ಲೇ ನೆಲೆಸಿದ ಹಿರಿಯರದು ಬೇರೆ ದಾರಿ. ಜಿಪಿ, ಎಕೋ, ಕಾರ್ಡಿಯಾಲಜಿ, ಕೊನೆಗೆ ಹೃದಯದ ಡಾಕ್ಟರುಗಳೂ ಸರ್ಜನ್ನರೂ ಸೇರಿದ ಹಾರ್ಟ್ ಟೀಮ್. ಎದೆ ಸೀಳುವ ಆಪರೇಷನ್ನೋ, ತೊಡೆಯ ರಕ್ತನಾಳದಿಂದ ವಾಲ್ವ್ ಕಳಿಸುವ ಟ್ಯಾವಿಯೋ ಎಂದು ಆ ಟೀಮ್ ಕೂತು ಹೇಳುತ್ತದೆ. 2002ರಲ್ಲಿ ಫ್ರಾನ್ಸಿನ ರೂವಾನಲ್ಲಿ ಡಾಕ್ಟರ್ ಅಲೆನ್ ಕ್ರಿಬಿಯೆ ಮೊದಲ ಬಾರಿ ಹೀಗೆ ವಾಲ್ವ್ ಹಾಕಿದಾಗ ಅದು ಬೇರೆ ದಾರಿಯೇ ಇಲ್ಲದ ರೋಗಿಗೆ. ಈಗ ಬಹಳ ಜನ ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ.

ಭಯವಿರುವುದು ಲಕ್ವದ್ದು. ಹಳೇ ವಾಲ್ವ್ ಸುಣ್ಣಗಟ್ಟಿರುತ್ತದೆ. ಹೊಸದನ್ನು ಒತ್ತಿ ಕೂರಿಸುವಾಗ ಚೂರು ಸಿಡಿದು ಮೆದುಳಿಗೆ ಹೋಗಬಹುದು. ಅದನ್ನು ಹಿಡಿಯಲು ಕುತ್ತಿಗೆಯ ರಕ್ತನಾಳಕ್ಕೆ ಸಣ್ಣ ಜರಡಿ ಇಡುವ ಉಪಾಯ ಬಂತು. ಕೇಳಿದರೆ ಬೇಕೇ ಬೇಕು ಅನ್ನಿಸುತ್ತದೆ, ಅಲ್ವಾ? 2022ರಲ್ಲಿ 3,000 ಜನರ ಪರೀಕ್ಷೆ ಸ್ವಲ್ಪ ಆಸೆಯನ್ನೂ ಹುಟ್ಟಿಸಿತ್ತು. ಆಮೇಲೆ ಬ್ರಿಟನ್ನಿನ 33 ಆಸ್ಪತ್ರೆಗಳಲ್ಲಿ 7,635 ಜನರ ಮೇಲೆ ನೋಡಿದರು. 2025ರಲ್ಲಿ ಫಲಿತಾಂಶ ಬಂತು: ಜರಡಿ ಇಟ್ಟವರಲ್ಲಿ 2.1%, ಇಡದವರಲ್ಲಿ 2.2% ಜನರಿಗೆ ಲಕ್ವ. ವ್ಯತ್ಯಾಸವೇ ಇಲ್ಲ. ಜರಡಿ ಹಾಕಲಿಲ್ಲವೆಂದು ಡಾಕ್ಟರ ಮೇಲೆ ಸಿಟ್ಟಾಗಬೇಡಿ. ಅದರ ಬದಲು ಎದೆಬಡಿತ ತಾಳ ತಪ್ಪುತ್ತಿದೆಯೇ, ರಕ್ತ ತೆಳುವಾಗಿಸುವ ಮಾತ್ರೆ ಯಾವುದು, ಎಷ್ಟು ದಿನ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಮತ್ತೊಂದು ಮಾತು ನಮ್ಮವರಿಗಷ್ಟೇ. ಮುಖ ಸೊಟ್ಟಗಾಯಿತೇ, ಕೈ ಬಿದ್ದಿತೇ, ಮಾತು ತೊದಲಿತೇ ಎಂದು ಲಕ್ವದ ಗುರುತುಗಳನ್ನು ನರ್ಸ್ ನೋಡುತ್ತಾರೆ. ಮೊದಲ ಎರಡು ಅವರಿಗೆ ಕಾಣುತ್ತವೆ. ಆದರೆ ಬಳ್ಳಾರಿ ಕನ್ನಡದಲ್ಲಿ ತೊದಲುವುದಕ್ಕೂ ಸುಮ್ನೆ ಗೊಣಗುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಹೇಗೆ ಗೊತ್ತಾಗಬೇಕು? ಒಪ್ಪಿಗೆಗೆ ಸಹಿ ಹಾಕುವಾಗ ಕನ್ನಡದ ಇಂಟರ್‌ಪ್ರಿಟರ್ ಕೇಳಿ, ಅದಕ್ಕೆ ದುಡ್ಡಿಲ್ಲ. ಆಪರೇಷನ್ ಆದ ಮೇಲೆ ವಿಸಿಟಿಂಗ್ ಹೊತ್ತಿನಲ್ಲಿ ಹತ್ತಿರ ಕೂತು ಮಾತಾಡಿಸಿ. "ಇದು ಅವರು ಮಾತಾಡೋ ರೀತಿ ಅಲ್ಲ" ಎಂದು ಅನ್ನಿಸಿದರೆ ಜೋರಾಗಿಯೇ ಹೇಳಿ. ಮನೆಗೆ ಬಂದ ಮೇಲೆ ಹಾಗಾದರೆ ಆಂಬುಲೆನ್ಸಿಗೆ 999 ಒತ್ತಿ. ವಿಸಿಟರ್ ವೀಸಾ ಅಪ್ಪನಾದರೂ ಅಷ್ಟೇ. ತುರ್ತು ಚಿಕಿತ್ಸೆಯನ್ನು ದುಡ್ಡಿಗಾಗಿ ತಡೆಯುವುದಿಲ್ಲ, ಬಿಲ್ ಆಮೇಲೆ ಬರುತ್ತದೆ.