ಮಡಿಲಿನಿಂದ ಕಾಣುವುದನ್ನು ಬರೆಯಿರಿ: ಹೊಸ ಅಮ್ಮಂದಿರ ಸ್ಕೆಚ್‌ಬುಕ್‌ಗೆ ಒಂದಿಷ್ಟು ದಾರಿ

ಮಗು ಹುಟ್ಟಿದ ಮೇಲೆ ಚಿತ್ರ ಬರೆಯುವುದು ನಿಂತೇಹೋಯಿತು ಅನ್ನುವ ಗೆಳತಿಯರು ನನಗೆ ತುಂಬಾ ಜನ ಇದ್ದಾರೆ. ಎಲ್ಲರೂ ಚಿತ್ರಕಲೆ ಕಲಿತವರು, ಮೊದಲು ದಿನಾ ಬರೆಯುತ್ತಿದ್ದವರು. ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಶುರು ಮಾಡ್ತೀನಿ ಅಂತಾರೆ. ಕಾಯಬೇಡಿ ಅಂತಲೇ ನಾನು ಹೇಳುವುದು. ಈಗ ನಿಮ್ಮ ಕಣ್ಣೆದುರು ಇರುವ ನೋಟ ಬೇರೆ ಯಾರಿಗೂ ಕಾಣುವುದಿಲ್ಲ. ಆರು ತಿಂಗಳು ಕಳೆದರೆ ನಿಮಗೂ ಕಾಣುವುದಿಲ್ಲ.

ಹಾಲು ಕುಡಿಸುವಾಗ ತಲೆ ಬಗ್ಗಿಸಿ ನೋಡಿ. ಮಗುವಿನ ನೆತ್ತಿ, ಒಂದು ಕಿವಿ, ಉಬ್ಬಿದ ಕೆನ್ನೆ, ಮೂಗಿನ ತುದಿ, ನಿಮ್ಮದೇ ಮೊಣಕೈ, ನೈಟಿಯ ಮಡಿಕೆ, ಆಚೆ ಕೊನೆಯಲ್ಲಿ ನಿಮ್ಮ ಕಾಲ್ಬೆರಳು. ನಿಮ್ಮ ಮುಖವೊಂದು ಬಿಟ್ಟು ಉಳಿದದ್ದೆಲ್ಲ ಇದೆ ಅಲ್ವಾ? ಕ್ಯಾಲೆಂಡರ್‌ನಲ್ಲಿ, ಮ್ಯೂಸಿಯಂನಲ್ಲಿ ನಾವು ನೋಡಿರುವ ತಾಯಿ-ಮಗುವಿನ ಚಿತ್ರಗಳಲ್ಲಿ ಹೆಚ್ಚಿನವು ಕೋಣೆಯ ಆ ಕಡೆ ನಿಂತು ನೋಡಿದವು. ಫ್ರಾನ್ಸಿನ ಕಲಾವಿದೆ ಬೆರ್ಥ್ ಮೊರಿಸೊ 1872ರಲ್ಲಿ ಬರೆದ 'ತೊಟ್ಟಿಲು' ನನಗೆ ತುಂಬಾ ಇಷ್ಟ. ತೊಟ್ಟಿಲ ಪಕ್ಕ ಕೂತಿರುವವಳು ಅವಳ ಅಕ್ಕ ಎಡ್ಮಾ, ಮಲಗಿರುವುದು ಅಕ್ಕನ ಮಗಳು. ಆಗ ಮೊರಿಸೊಗೆ ಇನ್ನೂ ಮಗುವಾಗಿರಲಿಲ್ಲ, ಅವಳ ಮಗಳು ಜೂಲಿ ಹುಟ್ಟಿದ್ದು 1878ರಲ್ಲಿ. ತಾಯಿ-ಮಕ್ಕಳ ಚಿತ್ರಗಳಿಗೇ ಹೆಸರಾದ ಅಮೆರಿಕದ ಮೇರಿ ಕಸ್ಸಾಟ್‌ಗೆ ಮಕ್ಕಳೇ ಇರಲಿಲ್ಲ. ಇವರೆಲ್ಲ ಬಹಳ ಚೆನ್ನಾಗಿ ನೋಡಿದವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಡಿಲಿನ ಒಳಗಿನಿಂದ, ಮೇಲಿನಿಂದ ಕೆಳಕ್ಕೆ ಕಾಣುವ ಚಿತ್ರಗಳು ಇನ್ನೂ ಕಡಿಮೆ. ಅಲ್ಲಿ ಕೂತಿರುವವರು ಈಗ ನೀವು.

ಏನೇನು ಬೇಕು

ಜಾಸ್ತಿ ಏನೂ ಬೇಡ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಗಟ್ಟಿ ರಟ್ಟಿನ ಪುಸ್ತಕ ಒಂದು. ಹಾಳೆ ಮಡಚಿಕೊಳ್ಳದಂತೆ ಹಿಡಿಯಲು ಒಂದು ಕ್ಲಿಪ್. ಮೆತ್ತಗೆ, ಕಪ್ಪಾಗಿ ಬರೆಯುವ 4ಬಿ ಅಥವಾ 6ಬಿ ಪೆನ್ಸಿಲ್. ಬಾಲ್‌ಪೆನ್ನೂ ಆಗುತ್ತದೆ, ಆದರೆ ಮಲಗಿಕೊಂಡು ಮೇಲ್ಮುಖವಾಗಿ ಬರೆದರೆ ಇಂಕು ಇಳಿಯದೆ ನಿಂತುಹೋಗುತ್ತದೆ. ಪೆನ್ಸಿಲ್ಲಿಗೆ ಆ ತೊಂದರೆ ಇಲ್ಲ. ಪೆನ್ನಿನ ಕ್ಯಾಪ್, ರಬ್ಬರ್, ಶಾರ್ಪ್‌ನರ್ ಇಂಥ ಸಣ್ಣ ಸಾಮಾನು ಹಾಸಿಗೆ ಮೇಲೆ ತರಲೇಬೇಡಿ. ರಬ್ಬರ್ ಹೇಗೂ ಬೇಡ, ಒರೆಸುತ್ತಾ ಕೂರುವಷ್ಟು ಹೊತ್ತು ಯಾರಿಗಿದೆ? ಬೇರೆ ಕೋಣೆಯಲ್ಲಿ ಯಾರಾದರೂ ಪೆನ್ಸಿಲ್ ಚೂಪು ಮಾಡಿ ಕೊಡಲಿ.

ಇದ್ದಿಲಿನ ಕಡ್ಡಿ, ಪುಡಿ ಉದುರುವ ಪೇಸ್ಟಲ್, ಟರ್ಪೆಂಟೈನ್, ಚಿತ್ರದ ಮೇಲೆ ಹೊಡೆಯುವ ಫಿಕ್ಸೆಟಿವ್ ಸ್ಪ್ರೇ, ಇವು ಮಗು ಇರುವ ಕೋಣೆಯಲ್ಲಿ ಬೇಡ. ಪುಡಿ, ವಾಸನೆ, ಆವಿ ಯಾವುದೂ ಎಳೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಬಣ್ಣ ಬೇಕೇ ಬೇಕು ಅನ್ನಿಸಿದರೆ ನಾಲ್ಕೈದು ಬಣ್ಣದ ಪೆನ್ಸಿಲ್ ಸಾಕು.

ಸಿಸೇರಿಯನ್ ಆಗಿದ್ದರೆ ಪುಸ್ತಕವನ್ನು ಹೊಟ್ಟೆಗೆ ಒತ್ತಿಕೊಳ್ಳಬೇಡಿ. ಪಕ್ಕಕ್ಕೆ ದಿಂಬು ಇಟ್ಟುಕೊಂಡು ಅದರ ಮೇಲೆ ಪುಸ್ತಕ ಇಡಿ. ಬೆನ್ನಿಗೂ ಒಂದು ದಿಂಬು ಇರಲಿ.

ಒಂದೇ ಕೈಯಲ್ಲಿ ಬರೆಯುವುದು

ಬಲಗೈಯವರಾದರೆ ಮಗು ಎಡತೋಳಿನಲ್ಲಿ ಇದ್ದಾಗ ಬಲಗೈ ಬಿಡುವಾಗಿರುತ್ತದೆ. ಕಡೆ ಬದಲಾಯಿಸಿದಾಗ? ಎಡಗೈಯಲ್ಲೇ ಬರೆಯಿರಿ. ಗೆರೆ ನಡುಗುತ್ತದೆ, ನಡುಗಲಿ. ಕಲಿತ ಕೈಗೆ ಕಿವಿ ಅಂದರೆ ಹೀಗೆ, ಮೂಗು ಅಂದರೆ ಹೀಗೆ ಅಂತ ಅಭ್ಯಾಸ ಆಗಿಬಿಟ್ಟಿರುತ್ತದೆ. ಎಡಗೈಗೆ ಅಂಥ ಅಭ್ಯಾಸ ಇಲ್ಲ, ಹಾಗಾಗಿ ಕಣ್ಣು ನೋಡಿದ್ದನ್ನು ನಿಧಾನವಾಗಿ ಹಿಂಬಾಲಿಸಲೇಬೇಕು. ಎರಡೂ ಕೈಯ ಚಿತ್ರಗಳನ್ನು ಎದುರುಬದುರು ಪುಟದಲ್ಲಿ ಇಟ್ಟು ನೋಡಿ. ಎಡಗೈಯದ್ದರಲ್ಲೇ ಮಗುವಿನ ಭಾರ ಜಾಸ್ತಿ ಕಾಣುವುದು ಎಷ್ಟೋ ಸಲ ಆಗುತ್ತದೆ.

ಪೆನ್ಸಿಲ್ಲಿನ ಮೊನೆ ಯಾವಾಗಲೂ ಮಗುವಿನಿಂದ ಆಚೆ ಕಡೆ ಇರಲಿ. ನಿದ್ದೆ ಎಳೆಯುತ್ತಿದ್ದರೆ ಪೆನ್ಸಿಲ್ ಬಿಟ್ಟುಬಿಡಿ, ಆಗ ಮಗುವನ್ನು ಅದರ ಜಾಗದಲ್ಲಿ ಮಲಗಿಸಿ ನೀವೂ ಮಲಗುವುದೇ ಸರಿ.

ಶುರುವಿನ ವಾರಗಳಲ್ಲಿ ಮಗು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅದರಲ್ಲಿ ಒಂದೇ ಒಂದು ಸಲ ಬರೆದರೂ ಸಾಕು. ಮಗುವಿನ ಕೈಯನ್ನೇ ನೋಡುತ್ತಾ ಬರೆಯಿರಿ. ಹಸಿದಿರುವ ಮಗು ಮುಷ್ಟಿ ಬಿಗಿಹಿಡಿದಿರುತ್ತದೆ. ಹೊಟ್ಟೆ ತುಂಬುತ್ತಾ ಬಂದ ಹಾಗೆ ಬೆರಳು ಸಡಿಲವಾಗಿ, ಕೊನೆಗೆ ಅಂಗೈ ಪೂರ್ತಿ ಬಿಚ್ಚಿ ಕೈ ಜೋತುಬೀಳುತ್ತದೆ. ಒಂದೇ ಪುಟದಲ್ಲಿ ಮೂರು ಕೈ ಬರೆಯಿರಿ: ಶುರುವಿನದು, ನಡುವಿನದು, ಕೊನೆಯದು. ಮುಖ ಬರೆಯದೆಯೇ ಒಂದು ಹೊತ್ತಿನ ಹಾಲೂಡಿಕೆಯ ಕಥೆಯೆಲ್ಲ ಆ ಪುಟದಲ್ಲಿ ಬಂದುಬಿಡುತ್ತದೆ. ನನಗೆ ಕೇಳಿದರೆ ಎಲ್ಲರೂ ಮೊದಲು ಮಾಡಬೇಕಾದ ಅಭ್ಯಾಸ ಇದೇ.

ಅರ್ಧಕ್ಕೆ ನಿಂತರೆ

ನಿಂತೇ ನಿಲ್ಲುತ್ತದೆ. ಮಗು ಅಳುತ್ತದೆ, ಕಕ್ಕುತ್ತದೆ, ಕಾಲಿಂಗ್ ಬೆಲ್ ಆಗುತ್ತದೆ. ಅರ್ಧ ಆದ ಚಿತ್ರವನ್ನು ಮಾರನೇ ದಿನ ಮುಗಿಸಲು ಹೋಗಬೇಡಿ, ಆ ಭಂಗಿ ಮತ್ತೆ ಸಿಗುವುದಿಲ್ಲ, ನೆನಪಿನಿಂದ ತುಂಬಿದ ಭಾಗ ಸತ್ತಂತೆ ಕಾಣುತ್ತದೆ. ಅದರ ಪಕ್ಕದಲ್ಲೇ ಹೊಸದನ್ನು ಶುರು ಮಾಡಿ. ಒಂದು ಕಿವಿ, ಒಂದು ಪಾದ, ಅರ್ಧ ಹಣೆ, ನಿಮ್ಮ ಹೆಬ್ಬೆರಳು, ಹೀಗೆ ಒಂದರ ಪಕ್ಕ ಒಂದು ಸೇರಿ ಪುಟ ತುಂಬಲಿ. ಗೆರೆ ಎಲ್ಲಿ ಕಡಿದುಹೋಯಿತೋ ಅಲ್ಲಿ ಮಗು ಎದ್ದಿತ್ತು ಅಂತ ಗೊತ್ತಾಗುತ್ತದೆ. ಅದೂ ಚಿತ್ರದ್ದೇ ಭಾಗ.

ಎಷ್ಟು ಹೊತ್ತಿಗೆ ಹಾಲು ಕುಡಿಯಿತು, ಎಷ್ಟು ಸಲ ಬಟ್ಟೆ ಒದ್ದೆ ಮಾಡಿತು ಅಂತ ಬರೆದಿಡುವ ಚೀಟಿ ಇರುತ್ತದಲ್ಲ, ಅದರ ಅಂಚಿನಲ್ಲೂ ಬರೆಯಿರಿ. ಇದೆಲ್ಲ ಕಲೆ ಹೇಗಾಗುತ್ತೆ ಅಂತ ಅನುಮಾನ ಇದ್ದರೆ ಮೇರಿ ಕೆಲ್ಲಿ ಎಂಬ ಕಲಾವಿದೆಯನ್ನು ನೆನೆಯಿರಿ. 1973ರಿಂದ 1979ರವರೆಗೆ ಅವರು ತಮ್ಮ ಮಗನ ಊಟದ ಲೆಕ್ಕ, ಕೊಳೆಯಾದ ಡಯಾಪರ್ ಬಟ್ಟೆ, ತೊದಲು ಮಾತು ಎಲ್ಲವನ್ನೂ ಜೋಡಿಸಿ ದೊಡ್ಡದೊಂದು ಕಲಾಕೃತಿ ಮಾಡಿದರು, 1976ರಲ್ಲಿ ಅದರ ಭಾಗಗಳನ್ನು ಲಂಡನ್ನಿನಲ್ಲಿ ಪ್ರದರ್ಶನಕ್ಕೂ ಇಟ್ಟರು.

ಮಗು ಮಗುವಿನ ಹಾಗೆ ಕಾಣಬೇಕಾದರೆ

ನಮ್ಮಲ್ಲಿ ಹೆಚ್ಚಿನವರು ಕಲಿತದ್ದು ದೊಡ್ಡವರ ಅಳತೆ. ಅದರಲ್ಲಿ ಎತ್ತರದ ಏಳೂವರೆ ಅಥವಾ ಎಂಟರಲ್ಲಿ ಒಂದು ಪಾಲು ತಲೆ. ಆಗ ತಾನೇ ಹುಟ್ಟಿದ ಮಗುವಿನಲ್ಲಿ ತಲೆಯೇ ಉದ್ದದ ನಾಲ್ಕರಲ್ಲಿ ಒಂದು ಪಾಲು. ಕಣ್ಣು ತಲೆಯ ಅರ್ಧಕ್ಕಿಂತ ಕೆಳಗೆ ಬರುತ್ತದೆ, ಹಣೆಯೇ ದೊಡ್ಡದು. ಮೂಗಿನ ಮೇಲ್ಭಾಗ ಚಪ್ಪಟೆ. ಪಕ್ಕದಿಂದ ನೋಡಿದರೆ ಗದ್ದಕ್ಕಿಂತ ಕೆನ್ನೆ ಮುಂದೆ. ಕುತ್ತಿಗೆ ಕಾಣುವುದೇ ಇಲ್ಲ ಅನ್ನಬಹುದು, ಒಂದು ಮಡಿಕೆ ಹಾಕಿ ಬಿಟ್ಟರೆ ಸಾಕು. ಕೈ ಎಷ್ಟು ಗಿಡ್ಡ ಅಂದರೆ ಮೇಲಕ್ಕೆ ಎತ್ತಿದರೂ ನೆತ್ತಿ ದಾಟುವುದು ಕಷ್ಟ. ಇವನ್ನು ಒಂದು ಸಲ ಗಮನಿಸಿದರೆ ಸಾಕು, ಚಿತ್ರದ ಮಗು ಸಣ್ಣ ಸೈಜಿನ ಗಂಡಸಿನ ಹಾಗೆ ಕಾಣುವುದು ನಿಲ್ಲುತ್ತದೆ.

ಮಡಿಲಿನಿಂದ ನೋಡುವಾಗ ಅಳತೆ ಇನ್ನಷ್ಟು ಬದಲಾಗುತ್ತದೆ. ತಲೆ ಹತ್ತಿರ, ಕಾಲು ದೂರ. ಹಾಗಾಗಿ ನೆತ್ತಿಯೇ ಪುಟದ ಅರ್ಧ ನುಂಗಿ, ಕಾಲು ಪುಟಾಣಿಯಾಗಿ ಕಾಣಬಹುದು. ತಪ್ಪಾಯಿತೇನೋ ಅಂತ ಸರಿ ಮಾಡಲು ಹೋಗಬೇಡಿ. ನೆತ್ತಿಯ ಮೆತ್ತನೆಯ ಜಾಗ ಮಿಡಿಯುವುದನ್ನು ನೋಡಿ, ಅಲ್ಲಿ ಗೆರೆ ಬೇಡ, ಸುತ್ತಲಿನ ಕೂದಲಿನ ದಿಕ್ಕನ್ನು ಮಾತ್ರ ಬರೆದರೆ ಆ ಜಾಗ ತಾನಾಗಿ ಮೂಡುತ್ತದೆ.

ಕೆಲವು ಭಂಗಿಗಳು ಬೇಗ ಮಾಯವಾಗುತ್ತವೆ, ಅವನ್ನು ಮೊದಲು ಹಿಡಿಯಿರಿ. ಮಲಗಿರುವ ಮಗು ತಲೆ ಒಂದು ಕಡೆ ತಿರುಗಿಸಿದರೆ ಆ ಕಡೆಯ ಕೈ ನೆಟ್ಟಗೆ ಚಾಚಿ, ಇನ್ನೊಂದು ಕೈ ಮಡಚಿಕೊಳ್ಳುತ್ತದೆ, ಬಿಲ್ಲು ಎಳೆದು ನಿಂತವರ ಹಾಗೆ. ಸುಮಾರು ಆರು ತಿಂಗಳೊಳಗೆ ಇದು ಹೋಗುತ್ತದೆ. ಪಾತ್ರೆ ಬಿದ್ದ ಸದ್ದಿಗೆ ಬೆಚ್ಚಿ ಎರಡೂ ಕೈ ಅಗಲಿಸುವುದು, ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿದುಕೊಳ್ಳುವುದು ಇವೂ ಅಷ್ಟೇ. ನಿಮ್ಮನ್ನು ನೋಡಿ ನಗುವ ನಗು ಆರರಿಂದ ಎಂಟು ವಾರಕ್ಕೆ ಬರುತ್ತದೆ. ಆ ನಗುವಿನ ಹೊತ್ತಿಗೆ ಮಾತ್ರ ಪುಸ್ತಕ ಪಕ್ಕಕ್ಕಿಡಿ. ಹೊಸ ಮಗುವಿಗೆ ಸ್ಪಷ್ಟವಾಗಿ ಕಾಣುವುದು 20-30 ಸೆಂಟಿಮೀಟರ್ ದೂರ, ಅಂದರೆ ಮಡಿಲಿನಿಂದ ನಿಮ್ಮ ಮುಖದವರೆಗಿನ ದೂರ. ಅದು ನಿಮ್ಮನ್ನು ನೋಡುತ್ತಿರುವಾಗ ನೀವೂ ಅದನ್ನೇ ನೋಡಿ, ಬರೆಯುವುದು ಆಮೇಲೆ ಆಗುತ್ತದೆ.

ಹಿರಿಯರು ಬೇಡ ಅಂದರೆ

ನಮ್ಮ ಕಡೆ ಬಾಣಂತನಕ್ಕೆ ತವರಿಗೆ ಹೋದರೆ ಈ ಮಾತು ಬಂದೇ ಬರುತ್ತದೆ: 'ಬಾಣಂತಿ ಕಣ್ಣಿಗೆ ಆಯಾಸ ಮಾಡ್ಕೋಬಾರ್ದು ಕಣೇ, ಓದೋದು ಬರೆಯೋದು ಎಲ್ಲ ಆಮೇಲೆ.' ಅಮ್ಮ, ಅಜ್ಜಿ ಅದನ್ನು ಹೇಳುವುದು ಪ್ರೀತಿಯಿಂದಲೇ, ನಿಮಗೆ ವಿಶ್ರಾಂತಿ ಸಿಗಲಿ ಅಂತ. ಜಗಳ ಆಡಬೇಡಿ. ಹಗಲು ಬೆಳಕಿನಲ್ಲಿ, ಸ್ವಲ್ಪ ಹೊತ್ತು ಮಾತ್ರ ಅಂತ ಒಪ್ಪಿಸಿ. ಆಮೇಲೆ ಅಜ್ಜಿಯನ್ನೇ ಬರೆಯಿರಿ, ವಿರೋಧ ಅರ್ಧ ಕರಗುತ್ತದೆ.

ಅಜ್ಜಿಯನ್ನು ಬರೆಯಲು ಎಲ್ಲಕ್ಕಿಂತ ಒಳ್ಳೆಯ ಹೊತ್ತು ಮಗುವಿಗೆ ನೀರು ಹಾಕುವಾಗ. ಬಚ್ಚಲಲ್ಲಿ ಮಣೆ ಮೇಲೆ ಕಾಲು ಚಾಚಿ ಕೂತು, ಸೀರೆ ಮೊಣಕಾಲವರೆಗೆ ಎತ್ತಿ, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿ, ಒಂದು ಕೈಯಲ್ಲಿ ಚೊಂಬು ಹಿಡಿದು ಹದ ನೋಡಿ ನೀರು ಹುಯ್ಯುವ ಆ ಭಂಗಿ ಎಷ್ಟು ಗಟ್ಟಿಯಾದ ರಚನೆ ನೋಡಿ! ಎರಡು ಕಾಲು ಸಮಾನಾಂತರ ಗೆರೆ, ಅದರ ನಡುವೆ ಮಗು, ಮೇಲಿನಿಂದ ನೀರು. ಮೇರಿ ಕಸ್ಸಾಟ್ 1893ರಲ್ಲಿ ಬರೆದ 'ಮಗುವಿನ ಸ್ನಾನ' ಈಗ ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಅದರಲ್ಲೂ ಮಗು ಮಡಿಲಲ್ಲಿ, ಪಾದ ಬೋಗುಣಿಯಲ್ಲಿ, ನೋಟ ಮೇಲಿನಿಂದ. ಅವರು 1890ರಲ್ಲಿ ಪ್ಯಾರಿಸ್‌ನಲ್ಲಿ ಜಪಾನಿ ಮುದ್ರಣಚಿತ್ರಗಳ ಪ್ರದರ್ಶನ ನೋಡಿ, ಹೀಗೆ ಎತ್ತರದಿಂದ ನೋಡುವುದನ್ನು ಅಲ್ಲಿಂದ ತೆಗೆದುಕೊಂಡರು. ನಿಮಗೆ ಬಚ್ಚಲ ಬಾಗಿಲಲ್ಲಿ ನಿಂತರೆ ಅದು ಸುಮ್ನೆ ಸಿಗುತ್ತದೆ. ಹಬೆಯಲ್ಲಿ ಪುಸ್ತಕ ಒದ್ದೆಯಾಗುತ್ತದೆ, ಹಾಗಾಗಿ ಅಲ್ಲಿ ನಿಂತು ಚೆನ್ನಾಗಿ ನೋಡಿ, ಕೋಣೆಗೆ ಬಂದ ಕೂಡಲೇ ಐದು ಗೆರೆಯಲ್ಲಿ ಹಿಡಿಯಿರಿ. ಮಾರನೇ ದಿನ ಮತ್ತೆ ಅದೇ ಭಂಗಿ ಇರುತ್ತದೆ, ತಪ್ಪಿದ್ದನ್ನು ಆಗ ನೋಡಿಕೊಳ್ಳಬಹುದು. (ಸ್ನಾನ ಆದ ಮೇಲೆ ಮಗುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು ಬೇಡ ಅಂತ ಮಕ್ಕಳ ಡಾಕ್ಟರು ಹೇಳುತ್ತಾರೆ, ಅದನ್ನು ಬಿಡುವುದೇ ವಾಸಿ.)

ನಿಮ್ಮನ್ನೂ ಬರೆಯಿರಿ

ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ಕಣ್ಣ ಕೆಳಗೆ ಕಪ್ಪು, ಹಾಲಿನ ಕಲೆ ಇರುವ ನೈಟಿ. ಫೋಟೋದಲ್ಲಿ ಹೀಗೆ ಕಾಣಲು ಯಾರಿಗೂ ಇಷ್ಟ ಇರುವುದಿಲ್ಲ, ಹಾಗಾಗಿ ಆಲ್ಬಂನಲ್ಲಿ ಬಾಣಂತಿಯೇ ಇರುವುದಿಲ್ಲ, ಬರೀ ಮಗು. ಪುಸ್ತಕದಲ್ಲಾದರೂ ನೀವು ಇರಿ. ಕನ್ನಡಿಯನ್ನು ಮಂಚದ ಎದುರು ಇಟ್ಟುಕೊಳ್ಳಿ. ಜರ್ಮನಿಯ ಕ್ಯಾಥೆ ಕೊಲ್ವಿಟ್ಸ್ 1903ರಲ್ಲಿ ಏಳು ವರ್ಷದ ಮಗನನ್ನು ತೋಳಲ್ಲಿ ಹಿಡಿದು, ಕನ್ನಡಿ ನೋಡಿಕೊಂಡು ಬರೆದರು. ಆ ಚಿತ್ರದ ವಿಷಯ ತುಂಬಾ ನೋವಿನದು, ಈಗ ಹುಡುಕಿ ನೋಡಬೇಡಿ. ಆದರೆ ಕನ್ನಡಿಯ ಉಪಾಯ ಕಲಿಯಿರಿ. ಮುಖ ಕಷ್ಟ ಅನ್ನಿಸಿದರೆ ಮಗುವನ್ನು ಹಿಡಿದ ಕೈಯೊಂದನ್ನೇ ಬರೆಯಿರಿ, ಯಾವ ಬೆರಳು ಭಾರ ಹೊತ್ತಿದೆ, ಯಾವುದು ಸುಮ್ಮನೆ ತಾಗಿಕೊಂಡಿದೆ ಅಂತ.

ರಾತ್ರಿ ಎದ್ದಾಗ ಜೀರೋ ಬಲ್ಬಿನ ಬೆಳಕು ಸಾಕು, ಫೋನ್ ಹಚ್ಚಬೇಡಿ. ಕಣ್ಣು ಅರ್ಧ ಮುಚ್ಚಿ ನೋಡಿದರೆ ಎರಡೇ ಎರಡು ಛಾಯೆ ಉಳಿಯುತ್ತದೆ, ಕತ್ತಲೆ ಭಾಗವನ್ನು ಪೆನ್ಸಿಲ್ ಅಡ್ಡ ಹಿಡಿದು ತುಂಬಿ, ಬೆಳಕಿನ ಭಾಗ ಖಾಲಿ ಬಿಡಿ. ಮುಗಿಯಿತು.

ಕೆಲವು ದಿನ ಬರೆದದ್ದೆಲ್ಲ ಬರೀ ಕಪ್ಪು ಗೀಚು ಆಗಿರಬಹುದು. ಅದೂ ಇರಲಿ, ಹರಿಯಬೇಡಿ. ಆದರೆ ಬೇಸರ, ಅಳು, ಮಗುವಿನ ಮೇಲೆ ಏನೂ ಅನ್ನಿಸದೇ ಇರುವುದು ಎರಡು ವಾರ ದಾಟಿದರೂ ಹೋಗದಿದ್ದರೆ ಚಿತ್ರ ಬರೆದರೆ ಸರಿಹೋಗುತ್ತದೆ ಅಂತ ಕಾಯಬೇಡಿ, ಡಾಕ್ಟರಿಗೆ ಹೇಳಿ. ನಿಮಗೆ ನೀವೇ, ಅಥವಾ ಮಗುವಿಗೆ, ಏನಾದರೂ ಮಾಡಿಕೊಳ್ಳುವ ಯೋಚನೆ ಬಂದರೆ ಒಂದು ದಿನವೂ ಕಾಯದೆ ಮನೆಯವರಿಗೆ, ಡಾಕ್ಟರಿಗೆ ತಿಳಿಸಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇದು ತುಂಬಾ ಜನರಿಗೆ ಆಗುತ್ತದೆ, ವಾಸಿಯೂ ಆಗುತ್ತದೆ.

ದೊಡ್ಡ ಹಾಳೆಗೆ ಹೋಗುವಾಗ

ನಾಲ್ಕೈದು ತಿಂಗಳಾಗಿ ಮಗು ಮಗ್ಗುಲಾಗಲು ಶುರು ಮಾಡಿದ ಮೇಲೆ ಮಲಗಿದ ಭಂಗಿಗಳು ಕಡಿಮೆಯಾಗುತ್ತವೆ. ಆ ಹೊತ್ತಿಗೆ ನಿಮ್ಮ ಪುಸ್ತಕ ತಿರುವಿ ನೋಡಿ. ಪ್ರತಿ ಪುಟದಲ್ಲಿ ತಾರೀಕು, ಹೊತ್ತು ಬರೆದಿದ್ದರೆ ಈಗ ಅನುಕೂಲ. ದೊಡ್ಡದು ಮಾಡಲು ಚಂದದ ಪುಟವನ್ನೇ ಆರಿಸಬೇಕಾಗಿಲ್ಲ, ನೋಡಿದ ಕೂಡಲೇ ತೋಳಿಗೆ ಆ ಭಾರ ಮತ್ತೆ ನೆನಪಾಗುವ ಪುಟವನ್ನು ಆರಿಸಿ. ನಡುಗಿದ ಗೆರೆ, ಕಡಿದ ಗೆರೆ ಎಲ್ಲವನ್ನೂ ಹಾಗೆಯೇ ದೊಡ್ಡದು ಮಾಡಿ, ನೇರ ಮಾಡಬೇಡಿ. ಫೋಟೋ ಇದ್ದರೆ ಬಟ್ಟೆಯ ವಿನ್ಯಾಸ, ಕೌದಿಯ ಹೊಲಿಗೆ ಇಂಥ ವಿವರಕ್ಕೆ ಮಾತ್ರ ನೋಡಿ. ಭಂಗಿಯನ್ನು ಫೋಟೋದಿಂದ ತೆಗೆದುಕೊಂಡರೆ ನೋಟ ಮತ್ತೆ ಕೋಣೆಯ ಆ ಕಡೆಗೆ ಹೋಗಿಬಿಡುತ್ತದೆ.

ಆನ್‌ಲೈನ್‌ನಲ್ಲಿ ಹಾಕುವ ಮುಂಚೆ ಮಗುವಿನ ಹೆಸರು, ಹುಟ್ಟಿದ ತಾರೀಕು, ಆಸ್ಪತ್ರೆಯ ಪಟ್ಟಿ ಇರುವ ಜಾಗ ಮುಚ್ಚಿ. ಕೆಲವು ಪುಟ ಯಾರಿಗೂ ತೋರಿಸಬೇಕಾಗಿಲ್ಲ, ಅವು ಮನೆಯಲ್ಲೇ ಇರಲಿ.