ಟೊಮೆಟೊ ಬಾಕ್ಸ್ ಗೆಲ್ಲಿಸಿದ ಕ್ವಿಜ್: ನನ್ನ ಅನುಭವ

ಕೋಲಾರದಲ್ಲಿ ಕೊಂಡಿ ಪ್ರಶ್ನೆಗಳ, ಅಂದ್ರೆ ಸಂಬಂಧವೇ ಇಲ್ಲ ಅನ್ನಿಸುವ ಸಂಗತಿಗಳನ್ನು ಜೋಡಿಸುವ ಕ್ವಿಜ್ ನಡೆಯಲ್ಲ ಎಂದು ನನಗೆ ಹೇಳಿದವರು ಕಡಿಮೆ ಅಂದ್ರೂ ಹತ್ತು ಜನ. "ನೋಡು ಗುರು, ನಿಮ್ಮೂರಲ್ಲಿ ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಬರೋ ಪ್ರಶ್ನೆ ಕೇಳು, ಜನ ಬರ್ತಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಳ್ಳೋಕೆ ಯಾರಿಗೆ ಪುರುಸೊತ್ತು?" ಎಂದು ಬೆಂಗಳೂರಲ್ಲಿ ಕ್ವಿಜ್ ನಡೆಸುವ ಗೆಳೆಯನೇ ನಕ್ಕಿದ್ದ. ಹೋದ ತಿಂಗಳು 40ಕ್ಕೂ ಜಾಸ್ತಿ ತಂಡ ಬಂದವು. ಕುರ್ಚಿ ಸಾಲದೆ ಶಾಮಿಯಾನದವರಿಂದ ಇನ್ನೂ 30 ತರಿಸಿದೆ. ಅದೇ ಗೆಳೆಯ ಈಗ ಪ್ರಶ್ನೆಗಳ ಫೈಲ್ ಕಳಿಸು ಅನ್ನುತ್ತಿದ್ದಾನೆ. ಫೈಲ್ ಕೊಡಲ್ಲ. ಹೇಗೆ ಮಾಡಿದೆ ಅನ್ನುವುದನ್ನು ಬರೆಯುತ್ತೇನೆ, ಅದೂ ಪೂರ್ತಿ ಅಲ್ಲ.

ಮೊದಲ ಸಲ 2019ರಲ್ಲಿ ಮಾಡಿದಾಗ ಬಂದದ್ದು ಆರು ತಂಡ, ಅದರಲ್ಲಿ ಎರಡು ನನ್ನ ನೆಂಟರದ್ದೇ. ಹಾಲ್ ಬಾಡಿಗೆ 3,500, ಬಜರ್ ಸೆಟ್ ನಾಲ್ಕು ಸಾವಿರದ ಹತ್ತಿರ, ಬ್ಯಾನರ್, ಕಾಫಿ, ಬಹುಮಾನ ಎಲ್ಲ ಸೇರಿ ಒಂಬತ್ತು ಸಾವಿರ ಕೈಬಿಟ್ಟಿತು. ಬಜರ್ ಎರಡನೇ ಸುತ್ತಿಗೇ ಸುಮ್ಮನಾಯಿತು, ಕೊನೆಗೆ ಸ್ಟೀಲ್ ತಟ್ಟೆ ಬಾರಿಸಿ ಮುಗಿಸಿದೆ. ಈಗ ಇರುವುದು ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಕಾಲಿಂಗ್ ಬೆಲ್ ಸ್ವಿಚ್ಚು, ಬಲ್ಬು ಹಾಕಿ ಮಾಡಿಕೊಟ್ಟದ್ದು. ಆರೇಳು ನೂರಾಯಿತು, ಇವತ್ತಿಗೂ ಕೆಟ್ಟಿಲ್ಲ.

ಆದರೆ ಸೋತದ್ದು ಬಜರ್‌ನಿಂದಲ್ಲ, ಪ್ರಶ್ನೆಯಿಂದ. ಮೆಕ್ಸಿಕೋದ ಅಜ್ಟೆಕ್ ರಾಜಧಾನಿಗಿಂತ ಆಕ್ಸ್‌ಫರ್ಡ್‌ನ ಪಾಠ ಹಳೆಯದು, ಪಿರಮಿಡ್ಡಿಗಿಂತ ಚಂದ್ರಯಾನವೇ ಕ್ಲಿಯೋಪಾತ್ರಾಳ ಕಾಲಕ್ಕೆ ಹತ್ತಿರ, ಈ ತರಹದವನ್ನೇ ಪೋಣಿಸಿದ್ದೆ. ನಿಜವೇ, ಆದರೆ ಉತ್ತರ ಹೇಳಿದ ಮೇಲೆ ಮುಂದಿನ ಸಾಲಿನ ಹುಡುಗ "ಅದಕ್ಕೇನೀಗ?" ಅಂದ. ಬೈಕೊಂಡು ಮನೆಗೆ ಬಂದೆ. ಒಂದು ವಾರ ಆದ ಮೇಲೆ ಹೊಳೆಯಿತು, ಹುಡುಗ ಸರಿಯಾಗೇ ಕೇಳಿದ್ದಾನೆ. ಕೊಂಡಿಯ ಒಂದು ತುದಿಯಾದರೂ ಕೂತವರು ಕಾಲಿಟ್ಟಿರುವ ಜಾಗದಲ್ಲಿರಬೇಕು. ಅಲ್ಲಿಂದ ಎಷ್ಟು ದೂರ ಎಳೆದರೂ ಜನ ಬರುತ್ತಾರೆ.

ಹೀಗೆ ಕಟ್ಟಿದ ಮೊದಲ ಸರಪಳಿ ಬೂದಿಕೋಟೆಯದು. ಬಂಗಾರಪೇಟೆ ಕಡೆಯವರೆಲ್ಲ ಅದನ್ನು ನೋಡಿದವರೇ, ಹೈದರಾಲಿ ಹುಟ್ಟಿದ ಊರು. ಎರಡನೇ ಸುಳಿವು 1814ರಲ್ಲಿ ಇಂಗ್ಲಿಷರು ದಾಳಿ ಮಾಡಿದ ಅಮೆರಿಕದ ಬಾಲ್ಟಿಮೋರ್ ಕೋಟೆ. ಮೂರನೆಯದು ನಾಸಾದ ವಾಲಪ್ಸ್ ಕೇಂದ್ರದಲ್ಲಿ ಅಬ್ದುಲ್ ಕಲಾಂ ಕಂಡ ಒಂದು ಗೋಡೆಚಿತ್ರ. ಉತ್ತರ ರಾಕೆಟ್. ಅಪ್ಪ ಮಗ ಇಬ್ಬರ ಸೈನ್ಯದಲ್ಲೂ ಇದ್ದ ರಾಕೆಟ್ಟನ್ನು 1799ರ ನಂತರ ಇಂಗ್ಲಿಷರು ಒಯ್ದರು, ಅದನ್ನು ನೋಡಿ ಅವರಲ್ಲೇ ಒಬ್ಬ, ಕಾಂಗ್ರೀವ್ ಅನ್ನುವವನು, ತನ್ನದು ಮಾಡಿದ, ಅವು ಬಾಲ್ಟಿಮೋರಿನ ಮೇಲೆ ಹಾರಿದ ರಾತ್ರಿಯ ಕೆಂಪು ಬೆಳಕು ಅಮೆರಿಕದ ರಾಷ್ಟ್ರಗೀತೆಯೊಳಗೇ ಕೂತಿದೆ. ಟಿಪ್ಪುವಿನ ರಾಕೆಟ್ ಎಲ್ಲರಿಗೂ ಗೊತ್ತು, ಟಿಪ್ಪು ಸೈನ್ಯ ಅದನ್ನು ಹಾರಿಸುತ್ತಿರುವ ನಾಸಾ ಚಿತ್ರವೂ ಕ್ವಿಜ್ ಮಾಡುವವರಿಗೆ ಹಳಸಲು. ಬೂದಿಕೋಟೆಯಿಂದ ಆ ಹಾಡಿಗೆ ಹೋದಾಗ ಮಾತ್ರ ಹಾಲ್‌ನಲ್ಲಿ "ಅಯ್ಯೋ" ಅನ್ನುವ ಸದ್ದು ಬಂತು. ನನಗೆ ಬೇಕಿದ್ದದ್ದು ಅದೇ.

ಸ್ವಲ್ಪ ತಲೆ ತಿರುಗಿತು ಅನ್ನಿಸುತ್ತದೆ, ಮುಂದಿನ ಸಲ ಕೆಜಿಎಫ್‌ನಲ್ಲಿ ಮಾನ ಹೋಯಿತು. 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗೆ ಕರೆಂಟು ಬಂತಲ್ಲ, ಅದನ್ನು "ಭಾರತದ ಮೊದಲ ಜಲವಿದ್ಯುತ್" ಅಂದುಬಿಟ್ಟೆ. ಹಿಂದೆ ಕೂತಿದ್ದ ನಿವೃತ್ತ ಸೂಪರ್‌ವೈಸರ್ ಒಬ್ಬರು ನಿಧಾನಕ್ಕೆ ಎದ್ದು, "ತಮ್ಮಾ, ಡಾರ್ಜಿಲಿಂಗ್ 1897" ಅಂದರು. ಪಾಯಿಂಟ್ ಎರಡೂ ತಂಡಕ್ಕೆ ಕೊಡಬೇಕಾಯಿತು, ಮೂರನೇ ತಂಡ ಎದ್ದು ಹೋಯಿತು. ಅವತ್ತಿನಿಂದ "ಮೊದಲ", "ಏಷ್ಯಾದಲ್ಲೇ ದೊಡ್ಡ" ಎರಡನ್ನೂ ನನ್ನ ನೋಟ್‌ಬುಕ್‌ನಿಂದ ಹೊರಗೆ ಹಾಕಿದ್ದೇನೆ. ಅವು ಇಲ್ಲದೆಯೂ ಆ ಪ್ರಶ್ನೆ ನಿಲ್ಲುತ್ತದೆ ನೋಡಿ: 140 ಕಿ.ಮೀ.ಗೂ ಜಾಸ್ತಿ ತಂತಿ ಎಳೆದರು, ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮೊದಲೇ ಗಣಿಗೆ ಕರೆಂಟು ಬಂತು, ಅದೇ 1902ರಲ್ಲಿ ಫ್ರಾನ್ಸ್‌ನ ಮೆಲಿಯೆಸ್ ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿದ ಸಿನಿಮಾ ಮಾಡಿದ. ಇಲ್ಲಿ ನೆಲದೊಳಗೆ, ಅಲ್ಲಿ ಚಂದ್ರನೊಳಗೆ.

ಒಂದೇ ವರ್ಷ ಹಿಡಿದು ಜೋಡಿಸುವುದು ಸುಲಭದ ಆಟ, ಆದರೆ ಕೈ ಸುಡುತ್ತದೆ. 1938ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನ್ ಮೊದಲ ಸಲ ಕಾಮಿಕ್ಸ್‌ನಲ್ಲಿ ಬಂದ, ಅದೇ ತಿಂಗಳ 25ಕ್ಕೆ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹದ ಮೇಲೆ ಗುಂಡು ಹಾರಿತು. ಭಾರಿ ಕೊಂಡಿ ಸಿಕ್ಕಿತು ಅಂತ ಕುಣಿದೆ. ಕೇಳಿದಾಗ ಹಾಲ್ ಪೂರ್ತಿ ಮೌನ. ಆಮೇಲೆ ಹಿರಿಯರೊಬ್ಬರು ಪಕ್ಕಕ್ಕೆ ಕರೆದು "ಸತ್ತವರ ಮನೆಯವರು ಇನ್ನೂ ಈ ಕಡೆ ಇದಾರಪ್ಪ" ಅಂದರು. ಅದನ್ನು ಬರೆದಿಟ್ಟ ಕಾರ್ಡನ್ನು ಹರಿದುಹಾಕಿಲ್ಲ, ಆದರೆ ಮತ್ತೆ ಕೇಳಿಲ್ಲ.

ಮಧ್ಯೆ ಹಾಡಿನ ಸುತ್ತು ಅಂತ ಇನ್ನೊಂದು ಪ್ರಯೋಗ ಮಾಡಿದೆ. 2018ರ ಯಶ್ ಸಿನಿಮಾ "ಕೆಜಿಎಫ್"ನ ಹಾಡು ಹಾಕಿ, ಅಲ್ಲಿಂದ 1965ಕ್ಕೆ ಹೋಗುವುದು: ಅದೇ ಗಣಿಯಲ್ಲಿ ಎರಡು ಕಿ.ಮೀ.ಗಿಂತ ಆಳದಲ್ಲಿ ವಾತಾವರಣದ ನ್ಯೂಟ್ರಿನೊ ಅನ್ನುವ ಅತಿ ಸಣ್ಣ ಕಣ ಸಿಕ್ಕಿತ್ತು, ಆ ಜಾತಿಯ ಕಣದ ಮೇಲೆ ಕೆಲಸ ಮಾಡಿದ ಜಪಾನಿನ ಕಜಿತಾಗೆ 2015ರ ನೊಬೆಲ್ ಬಂತು. ಪ್ರಶ್ನೆ ಚೆನ್ನಾಗಿತ್ತು. ಹಾಡು ಶುರುವಾದದ್ದೇ ತಡ, ಹುಡುಗರು ಶಿಳ್ಳೆ ಹೊಡೆದು ಕುಣಿದರು, ನ್ಯೂಟ್ರಿನೊ ಯಾರಿಗೂ ಕೇಳಿಸಲೇ ಇಲ್ಲ. ಈಗ ಹಾಡನ್ನು ಕೊನೆಯ ಸುಳಿವಾಗಿ ಹಾಕುತ್ತೇನೆ, ಅದೂ ಹತ್ತು ಸೆಕೆಂಡು.

ಅಷ್ಟರಲ್ಲಿ ನಷ್ಟ ಇಪ್ಪತ್ತೆರಡು ಸಾವಿರದ ಹತ್ತಿರ ಬಂದಿತ್ತು. ಮನೆಯಲ್ಲಿ "ಇನ್ನೊಂದೇ ಸಲ" ಅಂತ ಮಾತು ಕೊಟ್ಟಿದ್ದೆ. ಅದು 2023ರ ಜುಲೈ. ಟೊಮೆಟೊ ನೆನಪಿದೆಯಲ್ವಾ, ನಮ್ಮ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ದಾಟಿತ್ತು. ಕಪ್ಪು, ಪದಕ ಎಲ್ಲ ಬಿಟ್ಟು ಮೊದಲ ಬಹುಮಾನ ಒಂದು ಬಾಕ್ಸ್ ಟೊಮೆಟೊ ಅಂತ ಬೋರ್ಡ್ ಬರೆಸಿದೆ. ಪರಿಚಯದ ರೈತರೊಬ್ಬರು ನಗುತ್ತಾ ಅರ್ಧ ಬೆಲೆಗೆ ಕೊಟ್ಟರು. ತಂಡಕ್ಕೆ 100 ರೂಪಾಯಿ ಪ್ರವೇಶ, 28 ತಂಡ ಬಂದವು.

ಬಾಕ್ಸನ್ನು ಗೋಣಿಚೀಲ ಮುಚ್ಚಿ ವೇದಿಕೆ ಮೇಲೇ ಇಟ್ಟಿದ್ದೆ. ಕೊನೆಯ ಪ್ರಶ್ನೆಯ ಮೊದಲ ಸುಳಿವು ಒಂದು ಫೋಟೊ, ಅರ್ಧಚಂದ್ರದ ಆಕಾರ, ಅಂಚು ಮಡಿಚಿದೆ. ಹಾಲ್‌ಗೆ ಹಾಲೇ "ಕರ್ಜಿಕಾಯಿ" ಅಂತ ಕೂಗಿತು. ಕರ್ಜಿಕಾಯಿ ಅಲ್ಲ, ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿ ಕೆಲಸಗಾರರ ಪೇಸ್ಟಿ, ಒಳಗೆ ಮಾಂಸ, ಆಲೂಗಡ್ಡೆ. ಅದು ಇವತ್ತಿಗೂ ಇನ್ನೊಂದು ದೇಶದ ಬೀದಿಯಲ್ಲಿ ಮಾರಾಟವಾಗುತ್ತದೆ. ಎರಡನೇ ಸುಳಿವು ಜಾನ್ ಟೇಲರ್ ಕಂಪನಿ, 1880ರಲ್ಲಿ ನಮ್ಮ ಚಿನ್ನದ ಗಣಿಗೆ ಕೈ ಹಾಕಿದವರು. ಕಂಪನಿ ಶುರು ಮಾಡಿದ ಹಿರಿಯ ಟೇಲರ್ 1824ರಲ್ಲೇ ಆ ದೇಶದ ರಿಯಲ್ ದೆಲ್ ಮೊಂಟೆ ಬೆಳ್ಳಿ ಗಣಿಗೆ ಕಾರ್ನ್‌ವಾಲ್ ಜನರನ್ನು ಕಳಿಸಿದ್ದ. ಮೂರನೇ ಸುಳಿವಾಗಿ ಇಷ್ಟೇ ಹೇಳಿದೆ: ಆ ದೇಶದ ಹಳೆಯ ನಹುಆಟ್ಲ್ ಭಾಷೆಯಿಂದ ಹೆಸರು ಪಡೆದದ್ದು ಈಗ ನಿಮ್ಮ ಕಣ್ಣ ಮುಂದೇ ಇದೆ.

ಐದಾರು ಸೆಕೆಂಡು ಉಸಿರಿಲ್ಲ. ಆಮೇಲೆ ಕೆಜಿಎಫ್ ತಂಡದ ಹುಡುಗಿ ಬಜರ್ ಒತ್ತಿ "ತಕ್ಕಾಳಿ!" ಅಂತ ಕಿರುಚಿದಳು. ತಮಿಳಲ್ಲಿ ಹೇಳಿದ್ದಕ್ಕೆ ಮುಳಬಾಗಿಲು ತಂಡ ತೆಲುಗಲ್ಲಿ ತಕರಾರು ತೆಗೆಯಿತು, ಕನ್ನಡದಲ್ಲಿ ತೀರ್ಪು ಕೊಟ್ಟೆ. ಮೆಕ್ಸಿಕೋ, ತೊಮಾಟ್ಲ್, ಟೊಮೆಟೊ, ಕೋಲಾರ. ಊರಿಂದ ಹೊರಟು ಊರಿಗೇ ವಾಪಸ್. ನಾನು ಕಟ್ಟಿದ್ದರಲ್ಲಿ ಇಷ್ಟು ಬಿಗಿಯಾದದ್ದು ಇನ್ನೊಂದಿಲ್ಲ, ಜಂಬ ಅಂದುಕೊಂಡರೂ ಸರಿ.

ಅವತ್ತು ಕೈಗೆ 900 ಚಿಲ್ಲರೆ ಉಳಿಯಿತು. ಈಗ ಸಲಕ್ಕೆ ಎರಡು ಮೂರು ಸಾವಿರ ಉಳಿಯುತ್ತದೆ, ಹಳೆಯ ನಷ್ಟ ಹೆಚ್ಚುಕಡಿಮೆ ತೀರಿದೆ. ಕಾರ್ಡುಗಳು 600ರ ಮೇಲಿವೆ, ಒಂದು ಕಾರ್ಡಿಗೆ ಒಂದೇ ಸಂಗತಿ, ಮೂಲೆಯಲ್ಲಿ ವರ್ಷ. ಎರಡು ಕಡೆ ಸಿಗದ್ದನ್ನು ಬರೆಯಲ್ಲ, ವಾಟ್ಸಾಪ್‌ನಲ್ಲಿ ಬಂದದ್ದು ಲೆಕ್ಕಕ್ಕಿಲ್ಲ. ಕಾರ್ಡುಗಳನ್ನು ಯಾವ ಕ್ರಮದಲ್ಲಿ ಹರಡುತ್ತೇನೆ, ಮಧ್ಯದ ಕೊಂಡಿಯನ್ನು ಹೇಗೆ ಮುಚ್ಚಿಡುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ.

ಮುಂದಿನದು ಶಿಡ್ಲಘಟ್ಟದಲ್ಲಿ. ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಶುರು, ಫ್ರಾನ್ಸ್‌ನ ರೇಷ್ಮೆ ಊರು ಲಿಯಾನ್‌ನ ಜಕಾರ್ಡ್ ಮಗ್ಗಕ್ಕೆ ಹೋಗಿ, ಅದರ ತೂತಿನ ಕಾರ್ಡುಗಳನ್ನು ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಎರವಲು ಪಡೆದದ್ದಕ್ಕೆ, ಅಲ್ಲಿಂದ ಕಂಪ್ಯೂಟರ್‌ಗೆ. ಕಂಪ್ಯೂಟರ್‌ನಿಂದ ವಾಪಸ್ ಶಿಡ್ಲಘಟ್ಟಕ್ಕೆ ಬರುವ ಕೊಂಡಿ ಇನ್ನೂ ಸಡಿಲವಾಗಿದೆ. ಹಾಲ್ ಕೇಳಿದ್ದೇನೆ, ಬಾಡಿಗೆ 2,500 ಅಂದರು, ಫ್ಯಾನ್ ಹಾಕಿದರೆ ಬೇರೆ ದುಡ್ಡಂತೆ.